ಅವ್ವನ ಜೊತೆ ಕರಾವಳಿಯಲ್ಲಿ ನಾಲ್ಕು ದಿನ: ತುಣಿ, ಕಿರ್ಗಿ, ಕಚ್ಚೆ

ಗಣಪತಿ ಹಬ್ಬಕ್ಕೆ ಮನೆ ತೊಳೆಯುವಾಗ ಅಜ್ಜಿಯ ಒಂದು ಫೋಟೋ ಸಿಕ್ಕಿತು. ಕಚ್ಚೆ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಾವಿಕಟ್ಟೆ ಪಕ್ಕ ನಿಂತಿದ್ದಾಳೆ. "ಇದನ್ನ ಹೆಂಗ ಉಡ್ತಿದ್ರು ಅವ್ವ?" ಅಂತ ಕೇಳಿದೆ. ಅವ್ವ ಫೋಟೋವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ದಿನಾ ನೋಡೀನಿ. ಕಲೀಲಿಲ್ಲ" ಅಂದಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವ್ವನಿಗೆ ನವರಾತ್ರಿಯಲ್ಲಿ ಉಡುಪಿ ಕೃಷ್ಣನನ್ನು ನೋಡುವ ಆಸೆ ಬಹಳ ವರ್ಷದಿಂದ ಇತ್ತು. ನನಗೆ ಮಂಗಳೂರು, ಉಡುಪಿ ಕಡೆಯ ಹೆಂಗಸರು ಹಿಂದೆ ಏನು ಉಡುತ್ತಿದ್ದರು, ಹೇಗೆ ಉಡುತ್ತಿದ್ದರು ಅಂತ ಉಟ್ಟವರ ಬಾಯಿಂದಲೇ ಕೇಳಬೇಕಿತ್ತು. ಇಬ್ಬರೂ ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದೆವು.

ಮೊದಲ ದಿನ, ಬುಧವಾರ: ಬಂದರಿನಿಂದ ಬೆಂಗ್ರೆಗೆ

ಮಂಗಳೂರಲ್ಲಿ ಇಳಿದಾಗ ಮಳೆ ಇರಲಿಲ್ಲ, ಆದರೆ ಗಾಳಿಯೇ ಒದ್ದೆ. ಬನ್ಸ್, ಗೋಳಿಬಜೆ ತಿಂದು ಬಂದರಿನ ಕಡೆ ನಡೆದೆವು. ಅಲ್ಲಿನ ಹಳೇ ಬೀದಿಗಳಲ್ಲಿ ಒಣಮೆಣಸು, ಅಡಿಕೆ, ಒಣಮೀನು ಎಲ್ಲದರ ವಾಸನೆ ಒಟ್ಟಿಗೆ ಬರುತ್ತದೆ. ಶಾಕಾಹಾರಿ ಅವ್ವ ಸೆರಗನ್ನು ಮೂಗಿಗೆ ಹಿಡಿದರೂ ಹಂಚಿನ ಮಾಡು, ಮರದ ಮಾಳಿಗೆಗಳನ್ನು ಕತ್ತೆತ್ತಿ ನೋಡುತ್ತಲೇ ಬಂದಳು.

ದಕ್ಕೆಯಿಂದ ಬೆಂಗ್ರೆಗೆ ದೋಣಿ ಹೋಗುತ್ತದೆ. ಈ ಕಡೆ ನದಿ, ಆ ಕಡೆ ಸಮುದ್ರ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ ಬೆಂಗ್ರೆ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳೂ ಮೀನುಗಾರರಾದ ಮೊಗವೀರರೂ ಇರುವ ಜಾಗ. ದೋಣಿಯಲ್ಲಿ ಸ್ಕೂಲ್ ಮಕ್ಕಳು, ತರಕಾರಿ ಚೀಲ, ಗ್ಯಾಸ್ ಸಿಲಿಂಡರ್ ಎಲ್ಲ ಇದ್ದವು. ಚಿಲ್ಲರೆ ಇಟ್ಟುಕೊಂಡು ಹೋಗಿ, ದೊಡ್ಡ ನೋಟು ಕೊಟ್ಟರೆ ಪಾಪ ಪರದಾಡುತ್ತಾರೆ.

ನನ್ನ ಕಾಲೇಜು ಗೆಳತಿಯ ಅಜ್ಜಿ ಅಲ್ಲಿದ್ದಾರೆ. ಎಂಬತ್ತು ದಾಟಿದವರು. ಕಿವಿಯ ಅಂಚಿನುದ್ದಕ್ಕೂ ಸಾಲಾಗಿ ತೂತುಗಳು, ಈಗ ಒಂದರಲ್ಲೂ ಚಿನ್ನವಿಲ್ಲ. ನಾವು ಬಂದ ಕಾರಣ ಕೇಳಿ ಅವರಿಗೆ ಆಶ್ಚರ್ಯ. "ಅದನ್ನು ಕೇಳ್ಳಿಕ್ಕೆ ಹುಬ್ಬಳ್ಳಿಯಿಂದ ಬಂದದ್ದಾ?" ಅಂದರು. ಆಮೇಲೆ ಒಂದೊಂದೇ ಹೇಳಿದರು. ಬ್ಯಾರಿ ಹೆಂಗಸರದ್ದು ಮೂರು ಬಟ್ಟೆ. ಸೊಂಟದಿಂದ ಕೆಳಗೆ ಸುತ್ತುವುದು ತುಣಿ. ಮೇಲೆ ತೊಡುವುದು ಕುಪ್ಪಾಯ. ತಲೆಗೆ ಎಲಸರ. ಮನೆಯಿಂದ ಹೊರಗೆ ಹೊರಟರೆ ಇದೆಲ್ಲದರ ಮೇಲೆ ಹೊದೆಯುವ ದೊಡ್ಡ ಬಟ್ಟೆ ವಲ್ಲಿ. ಈಗ ಆ ವಲ್ಲಿಯ ಜಾಗಕ್ಕೆ ಬುರ್ಖಾ ಬಂದಿದೆ. ಸ್ವತಃ ಅಜ್ಜಿಯೇ ನೈಟಿ ಮೇಲೆ ಶಾಲು ಹೊದ್ದು ಕೂತಿದ್ದರು.

"ತುಣಿ ಜಾರುತ್ತಿರಲಿಲ್ವಾ?" ಅಂತ ಅವ್ವ ಕೇಳಿದಳು. ಅಜ್ಜಿ ಎದ್ದು ನಿಂತರು. ಮೊಮ್ಮಗಳ ದುಪಟ್ಟಾ ಇಸಿದುಕೊಂಡು ಸೊಂಟಕ್ಕೆ ಸುತ್ತಿ, ಒಂದು ತುದಿಯನ್ನು ಹೆಬ್ಬೆರಳಿಂದ ಒಳಗೆ ಒತ್ತಿದರು. ಮೇಲಂಚನ್ನು ಹೊರಕ್ಕೆ ಎರಡು ಸಲ ಸುರುಳಿ ಸುತ್ತಿದರು. ಕಣ್ಣು ನಮ್ಮ ಮೇಲೇ ಇತ್ತು, ಬೆರಳು ತಾವಾಗಿಯೇ ಕೆಲಸ ಮಾಡುತ್ತಿದ್ದವು. "ಇದರ ಮೇಲೆ ಬೆಳ್ಳಿಯ ಪಟ್ಟಿ ಕಟ್ಟಿದರೆ ಮತ್ತೆ ಬಾವಿಯಿಂದ ನೀರು ಸೇದಿದರೂ ಬಿಚ್ಚುವುದಿಲ್ಲ" ಅಂದರು. ನನ್ನ ಗೆಳತಿ ಬಾಗಿಲ ಹತ್ತಿರ ಬೆರಗಾಗಿ ನಿಂತಿದ್ದಳು. ಅವಳೂ ಇದನ್ನು ನೋಡಿದ್ದು ಅದೇ ಮೊದಲು.

ತೆಳುವಾದ ಅಕ್ಕಿರೊಟ್ಟಿಗೆ ತೆಂಗಿನಹಾಲು, ಬೆಲ್ಲ ಹಾಕಿಕೊಟ್ಟರು. ನಮಗೋಸ್ಕರ ಹೊಸ ಪಾತ್ರೆಯಲ್ಲಿ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು. ಅವ್ವ ನಾಲ್ಕು ತಿಂದಳು.

ಎರಡನೇ ದಿನ, ಗುರುವಾರ: ಬಿಜೈಯ ಟ್ರಂಕು, ಕಿನ್ನಿಗೋಳಿಯ ಮಗ್ಗ

ಬೆಳಿಗ್ಗೆ ಬಿಜೈಯಲ್ಲಿ ಒಂದು ಕೊಂಕಣಿ ಕ್ರಿಶ್ಚಿಯನ್ ಮನೆಗೆ ಹೋದೆವು. ಹಳೇ ಸಹೋದ್ಯೋಗಿಯ ತಾಯಿ. ನಾನು ಆಂಟಿ ಅನ್ನುತ್ತೇನೆ. ಅಂಗಳದ ಅರಿಶಿನದ ಎಲೆಯಲ್ಲಿ ಬೇಯಿಸಿದ ಸಿಹಿ ಕಡುಬು ಮಾಡಿಟ್ಟಿದ್ದರು. ಎಲೆ ಬಿಚ್ಚುವಾಗ ಬರುವ ಆ ಘಮ ನಮ್ಮ ಕಡೆ ಇಲ್ಲವೇ ಇಲ್ಲ.

ಆಂಟಿ ಮಂಚದ ಕೆಳಗಿಂದ ಕಬ್ಬಿಣದ ಟ್ರಂಕು ಎಳೆದರು. ಮೇಲೆ ಹಳೇ ಬಿಳಿ ಪಂಚೆ, ಅದರೊಳಗೆ ಅವರ ಅಜ್ಜಿಯ ಮದುವೆ ಸೀರೆ. ಅದಕ್ಕೆ ಸಾಡೊ ಅನ್ನುತ್ತಾರೆ. ಕೆಂಪು ಬಣ್ಣ, ಜರಿ ಈಗ ಕಪ್ಪಿಗೆ ತಿರುಗಿದೆ. ಮದುವೆ ದಿನ ಉಟ್ಟರೆ ಆಮೇಲೆ ವಿಶೇಷ ದಿನಗಳಲ್ಲಿ ಮಾತ್ರ ಹೊರಗೆ ತೆಗೆಯುವುದು. ಆಂಟಿ ಪ್ರತಿ ವರ್ಷ ಒಂದು ಸಲ ತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತಾರೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಜರಿ ಆ ಗೆರೆಯಲ್ಲೇ ಕಡಿಯುತ್ತದೆ. ಒಂದು ಕಡೆ ಹಾಗೆ ಕಡಿದದ್ದನ್ನು ತೋರಿಸಿದರು. ಅವರ ತಾಯಿ ಕಾಯಿಲೆ ಬಿದ್ದಿದ್ದ ವರ್ಷಗಳಲ್ಲಿ ಯಾರೂ ಟ್ರಂಕು ತೆರೆದಿರಲಿಲ್ಲವಂತೆ.

ಸಾಡೊ ಕೆಳಗೆ ಕಿರ್ಗಿ, ಬಾಜು ಇದ್ದವು. ಕಿರ್ಗಿ ಅಂದರೆ ಸೊಂಟದಿಂದ ಕೆಳಗೆ ಸುತ್ತುವ ಬಟ್ಟೆ, ಬಾಜು ಅಂದರೆ ಜಾಕೀಟು. ಇಲ್ಲಿ ಆಂಟಿ ಹೇಳಿದ್ದು ನನಗೆ ಪೂರ್ತಿ ಹೊಸದು. ಹಿಂದೆ ಮದುವೆಯಾಗದ ಹುಡುಗಿ ಕಿರ್ಗಿ ಬಾಜು ತೊಡುತ್ತಿದ್ದಳು. ಹೆಗಲ ಮೇಲೆ ಸೆರಗು ಹಾಕುವ ಹಾಗಿಲ್ಲ. ಆ ಸೆರಗಿಗೆ ಕೊಂಕಣಿಯಲ್ಲಿ ವೊರ್ಲ್ ಅನ್ನುತ್ತಾರೆ. ವೊರ್ಲ್ ಹಾಕುವ ಹಕ್ಕು ಮದುವೆಯಾದವಳಿಗೆ ಮಾತ್ರ. ಕೊರಳಲ್ಲಿ ಪಿರ್ದೂಕ್, ನಮ್ಮ ತಾಳಿಯ ಹಾಗೆ. ಹೆಗಲ ಮೇಲೆ ಒಂದು ಮೊಳ ಬಟ್ಟೆ ಇದೆಯೋ ಇಲ್ಲವೋ ನೋಡಿದರೆ ಊರಿಗೆಲ್ಲ ಅವಳ ವಿಷಯ ತಿಳಿಯುತ್ತಿತ್ತು.

ಟ್ರಂಕಿನ ತಳದಲ್ಲಿ ಒಂದು ಕಪ್ಪು ಸೀರೆ ಇತ್ತು. ಜರಿ ಇಲ್ಲ, ಅಂಚೂ ಇಲ್ಲ. ಗಂಡ ತೀರಿಕೊಂಡ ಮೇಲೆ ಉಳಿದ ಬದುಕೆಲ್ಲ ಕಪ್ಪು ಉಡಬೇಕಿತ್ತಂತೆ, ಒಡವೆಯೂ ಇಲ್ಲ. ಸಾಡೊ ಉಟ್ಟ ಅದೇ ಅಜ್ಜಿ ಮೂವತ್ತನಾಲ್ಕಕ್ಕೆ ವಿಧವೆಯಾದವರು. ನನ್ನ ಅಪ್ಪ ಹೋಗಿ ಆರು ವರ್ಷವಾಯಿತು. ಅವ್ವ ಆ ಕಪ್ಪು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ನಿಧಾನಕ್ಕೆ ಸವರಿದಳು. "ಮೆತ್ತಗ ಆಗೈತಿ. ಭಾಳ ಒಗದಾರ" ಅಂದಳು. ಆಂಟಿ ಕಣ್ಣು ಒರೆಸಿಕೊಂಡರು. ಇಂಥ ಬಟ್ಟೆಗಳನ್ನು ಚಂದ ಅಂತ ಹೊಗಳುವಾಗ ಇದನ್ನೂ ಹೇಳಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮಧ್ಯಾಹ್ನ ಬಲ್ಮಠದ ಮೇಲೆ ಹಾದು ಬಂದೆವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಇಲ್ಲಿ ನೇಯ್ಗೆ ಕಾರ್ಖಾನೆ ನಡೆಸುತ್ತಿದ್ದರು. ಖಾಕಿ ಬಣ್ಣ ತಯಾರಾದದ್ದು ಅಲ್ಲೇ ಅನ್ನುತ್ತಾರೆ, ಜಾನ್ ಹಾಲರ್ ಅನ್ನುವವರ ಕೈಯಲ್ಲಿ, 1850ರ ದಶಕದಲ್ಲಿ. ಪೊಲೀಸರನ್ನು ನೋಡಿದಾಗೆಲ್ಲ ಮಂಗಳೂರು ನೆನಪಾಗುತ್ತದೆ ಇನ್ನು.

ಅಲ್ಲಿಂದ ಮೂಲ್ಕಿ ದಾರಿಯಾಗಿ ಕಿನ್ನಿಗೋಳಿ. ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ರಸ್ತೆ ಬೇರೆಯೇ ಆಗುತ್ತದೆ. ಕೆಂಪು ಕಲ್ಲಿನ ಕಾಂಪೌಂಡು, ಅಡಿಕೆ ತೋಟ, ಹಸಿರು ಗದ್ದೆ, ಮತ್ತೆ ತೋಟ. ಬಸ್ಸಿನವರು ತಿರುವುಗಳಲ್ಲಿ ಹೋಗುವ ವೇಗಕ್ಕೆ ಅವ್ವ ಮುಂದಿನ ಸೀಟನ್ನು ಬಿಡಲೇ ಇಲ್ಲ. ಇಳಿದು ಐವತ್ತು ಹೆಜ್ಜೆ ನಡೆದಿರಲಿಲ್ಲ, ಮಳೆ ಸುರಿಯಿತು. ನಮ್ಮ ಕೊಡೆ ಗಾಳಿಗೆ ತಿರುಗಿ ಕಡ್ಡಿ ಮುರಿಯಿತು. ಇಬ್ಬರೂ ತೊಪ್ಪೆಯಾಗಿ ನೇಕಾರರ ಸಂಘದ ಬಾಗಿಲಿಗೆ ತಲುಪಿದೆವು.

ಅವ್ವ ಉಟ್ಟಿದ್ದು ಗಿಳಿಹಸಿರು ಇಳಕಲ್ಲ ಸೀರೆ. ಅದರ ಕೆಂಪು ಸೆರಗು ಬಣ್ಣ ಬಿಡತೊಡಗಿತ್ತು. ಹಸಿರು ಒಡಲ ಮೇಲೆ ಕಂದು ಕಂದು ಕಲೆ. ಅವ್ವನ ಮುಖ ಸಣ್ಣದಾಯಿತು. ಅದು ಅಪ್ಪ ತಂದುಕೊಟ್ಟ ಸೀರೆ.

ಅಲ್ಲಿದ್ದ ಅಕ್ಕ ಒಂದು ಕ್ಷಣವೂ ತಡಮಾಡಲಿಲ್ಲ. "ಒಣಗಲಿಕ್ಕೆ ಬಿಡಬೇಡಿ ಅಮ್ಮಾ, ಒಣಗಿದರೆ ಕಲೆ ಕೂತುಬಿಡ್ತದೆ" ಅಂತ ಹೇಳಿ ತಮ್ಮ ಒಂದು ಸೀರೆ ಕೊಟ್ಟು ಬದಲಿಸಿಕೊಳ್ಳಲು ಕಳಿಸಿದರು. ಇಳಕಲ್ಲ ಸೀರೆಯನ್ನು ತಣ್ಣೀರಲ್ಲಿ ನಾಲ್ಕೈದು ಸಲ ಜಾಲಾಡಿದರು. ಹಿಂಡಲಿಲ್ಲ. ಸೆರಗು ಒಡಲಿಗೆ ತಾಗದ ಹಾಗೆ ಬೇರೆ ಬೇರೆ ಹಗ್ಗದ ಮೇಲೆ ಬಿಡಿಸಿ ಹಾಕಿದರು. ಮುಕ್ಕಾಲು ಪಾಲು ಕಲೆ ಹೋಯಿತು. ಒಂದು ಕಡೆ ಉಳಿದಿದೆ, ಇರಲಿ.

ಅವ್ವ ಹೊರಗೆ ಬಂದಾಗ ಮಗ್ಗದ ಸದ್ದೇ ನಿಂತಿತು. ಆ ಅಕ್ಕ ಕೊಟ್ಟದ್ದು ಉಡುಪಿ ಸೀರೆ, ತಿಳಿ ಬಣ್ಣ, ಸಣ್ಣ ಚೌಕುಳಿ. ಅವ್ವ ಅದನ್ನು ನಮ್ಮ ಕಡೆಯ ಹಾಗೆ ಉಟ್ಟು ತಲೆ ಮೇಲೆ ಸೆರಗು ಹೊದ್ದಿದ್ದಳು. ವಯಸ್ಸಾದ ನೇಕಾರರೊಬ್ಬರು ಲಾಳಿ ಕೈಯಲ್ಲೇ ಹಿಡಿದು ನೋಡಿದರು. "ನಮ್ಮ ಸೀರೆ ಹೀಗೂ ಕಾಣ್ತದಾ!" ಅಂದರು.

ಸಂಜೆಯವರೆಗೂ ಅಲ್ಲೇ ಕೂತೆವು. ಮಗ್ಗ ಅಂದರೆ ನೆಲದಲ್ಲಿ ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಾರೆ. ನಮ್ಮ ಇಳಕಲ್ಲಿನ ಕುಣಿಮಗ್ಗದ ಹಾಗೆಯೇ. ಹತ್ತಿಯ 60, 80 ನಂಬರಿನ ನೂಲು. ಒಂಟಿ ಎಳೆ ಆದ್ದರಿಂದ ಸೀರೆ ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಈ ಊರಿನ ಸೆಖೆಗೆ ಇಂಥದ್ದೇ ಬೇಕು ಅಲ್ವಾ. ಅವ್ವ ಒದ್ದೆ ಇಳಕಲ್ಲ ಸೀರೆಯಲ್ಲಿ ಹತ್ತಿಯ ಒಡಲು ಮುಗಿದು ರೇಷ್ಮೆಯ ಸೆರಗು ಶುರುವಾಗುವ ಕಡೆ ಬೆರಳಿಟ್ಟು, ಹಾಸಿನ, ಅಂದರೆ ಉದ್ದಕ್ಕೆ ಹೋಗುವ ನೂಲಿನ, ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸಿರುವುದನ್ನು ತೋರಿಸಿದಳು. ಆ ನೇಕಾರರು ಕನ್ನಡಕ ಹಾಕಿಕೊಂಡು ನೋಡಿದರು. ಇಬ್ಬರೂ ಅರ್ಧ ಗಂಟೆ ಬರೀ ಆ ಜೋಡಣೆಯ ಬಗ್ಗೆಯೇ ಮಾತಾಡಿದರು.

ಹಾಸಿನ ನೂಲಿಗೆ ಗಂಜಿ ಹಾಕದಿದ್ದರೆ ಮಗ್ಗದ ಮೇಲೆ ಕಡಿಯುತ್ತದೆ. ಮಳೆಗಾಲದಲ್ಲಿ ಗಂಜಿ ಒಣಗುವುದಿಲ್ಲ, ಕೆಲಸ ನಿಧಾನವಾಗುತ್ತದೆ. ಒಂದು ಸೀರೆಗೆ ಎರಡು ದಿನ ಬೇಕು ಅಂದರು. ಈ ಕಡೆ ನೇಯುವವರು ಹೆಚ್ಚಾಗಿ ಶೆಟ್ಟಿಗಾರರು. ಒಂದು ಕಾಲಕ್ಕೆ ಮನೆ ಮನೆಯಲ್ಲಿ ಮಗ್ಗ ಇತ್ತು. ಮಕ್ಕಳು ಬೇರೆ ಕೆಲಸಕ್ಕೆ ಹೋದರು, ಮಗ್ಗ ಅಟ್ಟ ಸೇರಿತು. ಉಡುಪಿ ಸೀರೆಗೆ 2016ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕದಿಕೆ ಟ್ರಸ್ಟ್‌ನವರು ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ನಿಂತುಹೋಗುತ್ತಿದ್ದ ಮಗ್ಗಗಳನ್ನು ಮತ್ತೆ ನಡೆಸುತ್ತಿದ್ದಾರೆ. ಅವ್ವ ಉಟ್ಟ ಸೀರೆಯನ್ನು ವಾಪಸ್ ಕೊಟ್ಟು, ಅಂಥದ್ದೇ ಒಂದನ್ನು ದುಡ್ಡು ಕೊಟ್ಟು ಕೊಂಡಳು. ನೀವು ಹೋದರೆ ಮುಂಚೆಯೇ ಫೋನ್ ಮಾಡಿ ಹಗಲು ಹೊತ್ತಲ್ಲೇ ಹೋಗಿ, ನೇಯುವುದನ್ನು ನೋಡಲು ಬೆಳಕು ಬೇಕು.

ಮೂರನೇ ದಿನ, ಶುಕ್ರವಾರ: ಉಡುಪಿ

ರಥಬೀದಿಯ ಹತ್ತಿರ ಉಳಿದಿದ್ದೆವು. ಬೆಳಗಿನ ಜಾವ ಪಕ್ಕದ ಕೋಣೆಯಿಂದ ಒಬ್ಬ ಅಜ್ಜಿ ಹೊರಬಂದರು. ಒಂಬತ್ತು ಗಜದ ಸೀರೆ, ಕಚ್ಚೆ ಹಾಕಿದ್ದರು. ಕಾಪು ಕಡೆಯ ಮಾಧ್ವರು, ನವರಾತ್ರಿ ಮುಗಿಯುವ ತನಕ ಇಲ್ಲೇ ಇರುವವರು. ಅವ್ವ ದಾರಿಗೆ ಅಡ್ಡ ನಿಂತೇ ಬಿಟ್ಟಳು. "ಅಕ್ಕಾರ, ಇದನ್ನ ನನಗ ಕಲಿಸ್ತೀರೇನ್ರಿ?" ಅಜ್ಜಿ ನಕ್ಕು ಒಂದು ಹೆಜ್ಜೆ ಹಿಂದೆ ಸರಿದರು. "ಈಗ ಮಡಿಯಲ್ಲಿದ್ದೇನೆ, ಮುಟ್ಟಬೇಡಿ. ಊಟ ಆಗಿ ಬನ್ನಿ, ಬೇರೆ ಸೀರೆ ಉಂಟು, ತೋರಿಸ್ತೇನೆ."

ದರ್ಶನದ ಸಾಲು ಉದ್ದ ಇತ್ತು. ನವರಾತ್ರಿಯಲ್ಲಿ ಕೃಷ್ಣನಿಗೆ ಸೀರೆ ಉಡಿಸಿ ದೇವಿಯ ಅಲಂಕಾರ ಮಾಡುತ್ತಾರೆ, ಅದಕ್ಕೇ ಈ ಜನ. ನಮ್ಮ ಮುಂದೆ ಮಣಿಪಾಲದಲ್ಲಿ ಓದುವ ಅಸ್ಸಾಮಿನ ಹುಡುಗಿ ನಿಂತಿದ್ದಳು. ದೂರದಿಂದ ಸೀರೆ ಅಂದುಕೊಂಡಿದ್ದೆ, ಹತ್ತಿರ ನೋಡಿದರೆ ಎರಡು ಬಟ್ಟೆ. ಕೆಳಗಿನದು ಮೇಖಲಾ, ಮೇಲಿನದು ಚಾದರ. ಮೇಖಲಾದ ನಿರಿಗೆ ಬಲಕ್ಕೆ ತಿರುಗುತ್ತದೆ. ನಮ್ಮ ಸೀರೆಯದು ಎಡಕ್ಕೆ. ಅದನ್ನು ಅವಳೇ ತನ್ನ ನಿರಿಗೆ, ಅವ್ವನ ನಿರಿಗೆ ಎರಡನ್ನೂ ತೋರಿಸಿ ಹೇಳಿದಳು. ಅವರ ಮನೆಯಲ್ಲಿ ಅಮ್ಮನೇ ನೇಯುತ್ತಾರಂತೆ. ಅವ್ವನಿಗೆ ಹಿಂದಿ ಬಾರದು, ಅವಳಿಗೆ ಕನ್ನಡ ಬಾರದು. ಸಾಲು ಕರಗುವವರೆಗೂ ಇಬ್ಬರೂ ಒಬ್ಬರ ಬಟ್ಟೆ ಒಬ್ಬರು ಮುಟ್ಟಿ ನೋಡುತ್ತಾ ಇದ್ದರು.

ನವಗ್ರಹ ಕಿಂಡಿಯಿಂದ ನೋಡಿದೆವು. ದೀಪದ ಬೆಳಕಲ್ಲಿ ಸಣ್ಣ ಮೂರ್ತಿ, ಮೈತುಂಬ ಸೀರೆ, ಮಲ್ಲಿಗೆ. ಅಷ್ಟು ಉದ್ದದ ಸೀರೆಯನ್ನು ಅಷ್ಟು ಪುಟ್ಟ ಮೂರ್ತಿಗೆ ಉಡಿಸಬೇಕು. ನಿರಿಗೆ ಒಂದೂ ಮಿಸುಕದ ಹಾಗೆ ಕೂತಿತ್ತು. ಅವ್ವ ಕೈ ಮುಗಿದವಳು ಕಣ್ಣು ಮುಚ್ಚಲಿಲ್ಲ. "ಸ್ವಾಮಿಗಳು ಎಷ್ಟ್ ಚಂದ ನಿರಿಗಿ ಹಿಡದಾರ ನೋಡ" ಅಂದಳು.

ಮಠದ ಊಟ ಮುಗಿಸಿ ಅಜ್ಜಿಯ ಕೋಣೆಗೆ ಹೋದೆವು. ಅಜ್ಜಿ ಬಾಗಿಲು ಹಾಕಿ, ಹಳೇ ನೂಲಿನ ಸೀರೆ ತೆಗೆದು ಅವ್ವನ ಕೈಗೆ ಕೊಟ್ಟರು. ಮೊದಲು ಸೀರೆಯನ್ನು ಸೊಂಟದ ಸುತ್ತ ತಂದು ಮುಂದೆ ಬಿಗಿಯಾಗಿ ಗಂಟು. ಸೆರಗಿಗೆ ಬೇಕಾದಷ್ಟು ಒಂದು ಕಡೆ ಬಿಟ್ಟು, ಉಳಿದದ್ದಕ್ಕೆ ನಿರಿಗೆ ಹಿಡಿದು ಹೊಕ್ಕುಳ ಹತ್ತಿರ ಸಿಕ್ಕಿಸುವುದು. ಆಮೇಲೆ ನಿರಿಗೆಯ ಕೆಳತುದಿಯ ನಡುಭಾಗವನ್ನು ಎತ್ತಿ ಕಾಲ ನಡುವಿನಿಂದ ಹಿಂದಕ್ಕೆ ಕೊಟ್ಟು, ಬೆನ್ನ ಕಡೆ ಸಣ್ಣ ಸಣ್ಣ ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಬೇಕು. ಎರಡು ಸಲ ಕಚ್ಚೆ ಸಡಿಲಾಯಿತು. "ಕಾಲು ಸ್ವಲ್ಪ ಅಗಲ ಮಾಡಿ ನಿಲ್ಲಿ, ಉಡುವಾಗಲೇ ನಡೆಯುವಷ್ಟು ಜಾಗ ಬಿಟ್ಟುಕೊಳ್ಳಬೇಕು" ಅಂತ ಅಜ್ಜಿ ಹೇಳಿದರು. ಮೂರನೇ ಸಲಕ್ಕೆ ಕೂತಿತು. "ಈಗ ಕೂತು ನೋಡಿ." ಅವ್ವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು, ಎದ್ದಳು, ಬಗ್ಗಿದಳು. ಒಂದು ನೂಲೂ ಜಾರಲಿಲ್ಲ. ಒಳಲಂಗ ಬೇಡ, ಪಿನ್ನು ಬೇಡ. ಬಗ್ಗಿ ಒಲೆ ಊದಲಿ, ಬಾವಿಗೆ ಹೋಗಲಿ, ಗದ್ದೆಗೆ ಇಳಿಯಲಿ, ಅಡ್ಡಿಯಿಲ್ಲ.

ಬೆನ್ನ ಹಿಂದಿನ ಮಡಿಕೆಯನ್ನು ಕೈಯಿಂದ ತಡಕಿ ನೋಡಿಕೊಳ್ಳುತ್ತಾ ಅವ್ವ ಹೇಳಿದಳು. "ನಮ್ಮವ್ವ ಹೊಲಕ್ಕ ಹೊಂಡೂ ಮುಂದ ಹಿಂಗ ಕೈ ಹಿಂದ ಮಾಡಿ ಮುಟ್ಟಿ ನೋಡಕೋತಿದ್ಲು. ಯಾಕ ಅಂತ ಈಗ ತಿಳೀತು."

ಸಂಜೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋದೆವು. ವಿಜಯನಾಥ ಶೆಣೈ ಅವರು ಬೀಳುತ್ತಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಜಾಗ. ಅರ್ಧ ದಿನ ಇಟ್ಟುಕೊಂಡು, ಸಮಯ ಮೊದಲೇ ಕೇಳಿಕೊಂಡು ಹೋಗಬೇಕು. ನಾವು ತಡಮಾಡಿ ಹೋಗಿದ್ದರಿಂದ ಓಡಿ ಓಡಿ ನೋಡಿದ್ದೇ ಆಯಿತು. ಕೊಪ್ಪಳ ಕಡೆಯ ಕುಕನೂರಿನ ಕಮಲ ಮಹಲ್ ಅಲ್ಲಿದೆ. ಅವ್ವನ ತವರು ಅದೇ ಸೀಮೆ. ಕಂಬ ಹಿಡಿದು ನಿಂತವಳು ಬರಲು ಒಪ್ಪಲೇ ಇಲ್ಲ.

ನಾಲ್ಕನೇ ದಿನ, ಶನಿವಾರ: ಮಲ್ಪೆ

ಬೆಳಿಗ್ಗೆ ಬೇಗ ಮಲ್ಪೆಗೆ ಹೋದೆವು. ಬಂದರಿನ ನೆಲ ಜಾರುತ್ತದೆ, ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ. ಮೀನು ಆರಿಸುತ್ತಿದ್ದ ಹೆಂಗಸರೆಲ್ಲ ಸೀರೆಯನ್ನು ಮೊಣಕಾಲ ಹತ್ತಿರದವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು. ಸೆರಗು ಸುತ್ತಿ ಬಂದು ಬಿಗಿಯಾಗಿ ಒಳಗೆ ಸೇರಿತ್ತು. ಒಬ್ಬರು ಬಟ್ಟೆಯನ್ನು ಸುರುಳಿ ಸುತ್ತಿ ಸಿಂಬಿ ಮಾಡಿ ತಲೆಗಿಟ್ಟು, ಅದರ ಮೇಲೆ ಬುಟ್ಟಿ ಏರಿಸಿದರು. "ನೂಲಿನ ಸೀರೆ ಯಾಕ ಉಡೂದಿಲ್ರಿ?" ಅಂತ ಅವ್ವ ಕೇಳಿದಳು. "ಎಂತ ಅಮ್ಮ, ಉಪ್ಪುನೀರು ಹಿಡಿದರೆ ನೂಲು ಒಣಗುವುದೇ ಇಲ್ಲ, ಭಾರ. ಇದಾದರೆ ಮನೆ ಮುಟ್ಟುವಾಗ ಒಣಗಿರ್ತದೆ" ಅಂತ ಪಾಲಿಯೆಸ್ಟರ್ ಸೀರೆಯ ಅಂಚು ಹಿಡಿದು ತೋರಿಸಿದರು. ನಾನು ಕೈಮಗ್ಗವೇ ಮೇಲು ಅಂತ ವಾದ ಮಾಡುವವಳು. ಆ ಬೆಳಿಗ್ಗೆ ಅವರ ಮಾತಿಗೆ ಎದುರಾಡುವಂಥದ್ದೇನೂ ನನಗೆ ಕಾಣಲಿಲ್ಲ.

ಬಸ್ಸಿಗೆ ಮೊದಲು ಶಂಕರಪುರ ಮಲ್ಲಿಗೆ ಕೊಂಡೆವು. ಬಾಳೆನಾರಿನಲ್ಲಿ ಕಟ್ಟಿದ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹಬ್ಬದ ದಿನಗಳಲ್ಲಿ ರೇಟು ಜಾಸ್ತಿ. ನಮಗೆ ಒಂದು ಚೆಂಡು ಸಾಕಾಯಿತು. ಅವ್ವ ಅರ್ಧ ನನಗೆ ಮುಡಿಸಿ, ಉಳಿದರ್ಧವನ್ನು ಅಪ್ಪನ ಫೋಟೋಕ್ಕೆ ಅಂತ ಬಾಳೆ ಎಲೆಯಲ್ಲಿ ಸುತ್ತಿ ಹೊಸ ಸೀರೆಯ ಮೇಲಿಟ್ಟಳು.

ಮನೆಗೆ ಬಂದ ಮಾರನೇ ದಿನವೇ ಅವ್ವ ಕಚ್ಚೆ ಉಡಲು ನೋಡಿದಳು. ಆರು ಗಜದ ಸೀರೆ ಸಾಲಲಿಲ್ಲ, ಕಚ್ಚೆ ಹಾಕಿದರೆ ಸೆರಗಿಲ್ಲ. ಗದಗಿನ ದೊಡ್ಡವ್ವನಿಗೆ ಫೋನ್ ಮಾಡಿದಳು. ಅಜ್ಜಿಯ ಹದಿನೆಂಟು ಮೊಳದ ಸೀರೆ ಒಂದು ಅವರ ಟ್ರಂಕಿನಲ್ಲಿ ಇದೆಯಂತೆ. ಬರುವ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ.